ನೀಲಿ ಟೇಪು ಹಚ್ಚಿದ ಜಾರು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಕೊಳೆ ಹುಡುಕುತ್ತೇನೆ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಬರ್ಕ್ಲಿ ಕಡೆಯ ಒಂದು ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ. ಬೆಳಿಗ್ಗೆ ಮನೆಯಿರುವ ಪ್ಲೆಸೆಂಟನ್ ಬಿಟ್ಟು ಫ್ರೀವೇ ಹತ್ತಿ, ಸಲಾಡ್ ಹೆಚ್ಚುವ, ಚೀಸ್ ಪ್ಯಾಕ್ ಮಾಡುವ ಫ್ಯಾಕ್ಟರಿಗಳಿಗೆ ಹೋಗಿ, ತಲೆಗೆ ಬಲೆ, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು, ಕಡ್ಡಿಗೆ ಸಿಕ್ಕಿಸಿದ ಸ್ಪಂಜಿನಿಂದ ಮೋರಿ, ಬೆಲ್ಟು, ಯಂತ್ರಗಳ ಸಂದುಗೊಂದುಗಳನ್ನು ಒರೆಸಿ ತರುವುದು. ಹುಡುಕುವುದು ಮುಖ್ಯವಾಗಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು. ಗಟ್ಟಿಮುಟ್ಟಾದವರಿಗೆ ಅದು ಎರಡು ದಿನದ ಹೊಟ್ಟೆನೋವು, ಜ್ವರ. ಬಸುರಿಯರಿಗೆ, ವಯಸ್ಸಾದವರಿಗೆ, ರೋಗ ತಡೆಯುವ ಶಕ್ತಿ ಕುಂದಿದವರಿಗೆ ಪ್ರಾಣಕ್ಕೇ ಸಂಚಕಾರ.

ಮಹಾ ಮೊಂಡು ಜೀವಿ ಅದು. ಫ್ರಿಜ್ಜಿನ ಚಳಿಗೆ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಮುದುಡಿ ಕೂತರೆ ಇದು ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಉಕ್ಕಿಗೋ ರಬ್ಬರಿಗೋ ಒಮ್ಮೆ ಅಂಟಿಕೊಂಡಿತೆಂದರೆ ಸುತ್ತ ಒಂದು ಲೋಳೆ ಕಟ್ಟಿಕೊಳ್ಳುತ್ತದೆ, ಬಚ್ಚಲಲ್ಲಿ ಕಾಲು ಜಾರಿಸುವ ಲೋಳೆಯ ಹಾಗೆ. ಅದನ್ನೇ ಬಯೋಫಿಲ್ಮ್ ಎನ್ನುತ್ತೇವೆ. ಉಜ್ಜದೆ ಬರೀ ಸ್ಯಾನಿಟೈಸರ್ ಸಿಂಪಡಿಸಿದರೆ ಮೇಲಿನವು ಸಾಯುತ್ತವೆ, ಅಡಿಯಲ್ಲಿ ಅವಿತವು ಉಳಿಯುತ್ತವೆ. ಚಳಿ, ಉಪ್ಪು, ಹುಳಿ, ಅರೆಬರೆ ಔಷಧಿ ಎಲ್ಲವನ್ನೂ ತಾಳಿಕೊಂಡು ಉಳಿದದ್ದು ನಮ್ಮ ಹೊಟ್ಟೆಯ ಆಮ್ಲವನ್ನೂ ದಾಟಿ ಒಳನುಗ್ಗುವಷ್ಟು ಪಳಗಿಬಿಡಬಹುದು. ಆದ್ದರಿಂದ ಫ್ಯಾಕ್ಟರಿಯವರಿಗೆ ನಾನು ಹೇಳುವುದು ಒಂದೇ: ಮೊದಲು ಬಿಚ್ಚಿ, ಉಜ್ಜಿ, ಆಮೇಲೆ ಸಿಂಪಡಿಸಿ. ಹೇಳಿ ಹೇಳಿ ಬಾಯಿ ಸವೆದಿದೆ.

ಮೂರು ವರ್ಷಗಳ ಹಿಂದೆ ನನ್ನ ಗಂಡನಿಗೆ ಕಿಡ್ನಿ ಕಸಿಯಾಯಿತು. ಹೊಸ ಕಿಡ್ನಿಯನ್ನು ಮೈ ಒಲ್ಲೆ ಎನ್ನದಿರಲೆಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಸಡಿಲಿಸುತ್ತವೆ. ಅಲ್ಲಿಂದ ನನಗೆ ಲ್ಯಾಬು ಮುಗಿದರೂ ಲ್ಯಾಬು ಮುಗಿಯಲಿಲ್ಲ. ಮನೆಯಲ್ಲಿ ಅವರಿಗೆಂದೇ ಬೇರೆ ಚಾಕು, ಬೇರೆ ಮಣೆ, ಬೇರೆ ಮಿಕ್ಸಿ ಜಾರು ಮಾಡಿದೆ. ಎಲ್ಲಕ್ಕೂ ಫ್ಯಾಕ್ಟರಿಯಲ್ಲಿ ಬಣ್ಣದಿಂದ ಗುರುತಿಸುವ ರೂಢಿಯಂತೆ ನೀಲಿ ಟೇಪು ಹಚ್ಚಿದೆ. ನೀಲಿ ಟೇಪಿನದನ್ನು ನನ್ನ ಹೊರತು ಯಾರೂ ಮುಟ್ಟಕೂಡದು.

ಯಾರೂ ಎಂದರೆ ಅತ್ತೆ. ಮಗನ ಆಪರೇಷನ್ನಿಗೆಂದು ಉಡುಪಿಯಿಂದ ಬಂದವರು ನಮ್ಮಲ್ಲೇ ಉಳಿದಿದ್ದರು. ಬರುವಾಗ ಸೂಟ್‌ಕೇಸಿನಲ್ಲಿ ಪಾತ್ರೆ ತಿಕ್ಕುವ ತೆಂಗಿನ ನಾರು ಒಂದು ಕಟ್ಟು ತಂದಿದ್ದರು. ನನ್ನ ಕಣ್ಣಿಗೆ ಮುಳ್ಳಾದದ್ದು ಆ ನಾರು. ಸಿಂಕಿನ ಮೂಲೆಯಲ್ಲಿ ಒದ್ದೆಯಾಗಿ ಕೂತಿರುತ್ತಿತ್ತು. ಅವರು ನನ್ನ ಕಣ್ಣೆದುರೇ ಅದನ್ನು ದಿನಾ ಬಿಸಿಲಿಗೆ ಹಾಕುತ್ತಿದ್ದರು ಎನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬೇಯಿಸಿದ್ದನ್ನೇ ತಿಂದು ತಿಂದು ನನ್ನ ಗಂಡ ಬೇಸತ್ತಿದ್ದರು. ‘ಒಂದು ತೆಂಗಿನಕಾಯಿ ಚಟ್ನಿಯಾದ್ರೂ ಮಾಡಿ ಕೊಡು ಮಾರಾಯ್ತಿ’ ಎಂದು ದಿನಾ ಗೋಗರೆತ. ಕೊನೆಗೆ ಸೋತೆ. ಭಾನುವಾರ ನೀಲಿ ಟೇಪಿನ ಜಾರಿನಲ್ಲಿ ರುಬ್ಬಿ, ಫ್ರಿಜ್ಜಿನಲ್ಲಿಟ್ಟು ಮೂರು ದಿನ ಬಡಿಸುತ್ತಿದ್ದೆ. ನನಗೂ ಸುಸ್ತು. ಕೆಲಸದಿಂದ ಬಂದವಳು ಜಾರನ್ನು ಬಿಸಿನೀರಿನಲ್ಲಿ ಜಾಲಿಸಿ, ಸ್ಯಾನಿಟೈಸರ್ ಸಿಂಪಡಿಸಿ, ಮುಚ್ಚಳ ಹಾಕಿ ಇಟ್ಟುಬಿಡುತ್ತಿದ್ದೆ.

ಒಮ್ಮೆ ಅತ್ತೆ ನನ್ನ ಪಕ್ಕ ನಿಂತು ನೋಡಿದರು. ‘ಮುಚ್ಚಳದ್ದು ರಬ್ಬರು ತೆಗೆದು ತಿಕ್ಕುವುದಿಲ್ವಾ ನೀನು?’

‘ಅತ್ತೆ, ಇದನ್ನ ಮಾಡೇ ನಾನು ಸಂಬಳ ತಗೊಳ್ಳೋದು. ನೀವು ಟೆನ್ಷನ್ ಮಾಡ್ಕೋಬೇಡಿ.’

‘ಹಾಂ, ನಿನಗೆ ಗೊತ್ತುಂಟು. ನಾನು ಸುಮ್ಮನೆ ಕೇಳಿದ್ದು’ ಎಂದು ಸರಿದುಕೊಂಡರು.

ಹೋದ ವರ್ಷ ನನ್ನ ಗಂಡನಿಗೆ ಜ್ವರ ಬಂದು ಇಳಿಯಲೇ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಲಿಸ್ಟೀರಿಯಾ ಎಂದರು ಡಾಕ್ಟರು. ಆ ಹೆಸರನ್ನು ನಾನು ದಿನಕ್ಕೆ ಇಪ್ಪತ್ತು ಸಲ ಬರೆಯುತ್ತೇನೆ. ಮನೆಯಲ್ಲಿ ಏನು ತಿಂದರು ಎಂದು ಡಾಕ್ಟರು ಕೇಳಿದರು. ಚಟ್ನಿಯ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹಾಸಿಗೆಯ ಆಚೆ ಬದಿ ನಿಂತಿದ್ದ ಅತ್ತೆಯ ಕಡೆ ತಿರುಗಿದೆ.

‘ಆ ನಾರು ಬಿಸಾಕಿ ಅಂತ ಎಷ್ಟು ಸಲ ಹೇಳಿದೀನಿ ಅತ್ತೆ? ಈಗ ನೋಡಿ, ನಿಮ್ಮ ಮಗನ ಸ್ಥಿತಿ!’

ಅವರು ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಆಮೇಲೆ ಸೆರಗಿನೊಳಗೆ ಸೇರಿಸಿಕೊಂಡರು. ಇವರು ಮಲಗಿದ್ದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು.

ಮೂರು ವಾರ ಡ್ರಿಪ್ಪಿನಲ್ಲಿ ಔಷಧಿ ಹೋಯಿತು. ಬದುಕಿಕೊಂಡರು. ಆ ಮೂರು ವಾರ ಅತ್ತೆ ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು, ‘ಒಂದು ಲೋಟ ನೀರು ತಗೊಳ್ಬಹುದಾ?’ ಎಂದು ಕೇಳುತ್ತಿದ್ದರು. ಹೂಂ ಅನ್ನಲೂ ನನಗೆ ಸಿಡಿಮಿಡಿ.

ಅಷ್ಟಕ್ಕೇ ನನಗೆ ಸಮಾಧಾನವಾಗಲಿಲ್ಲ. ಸಾಕ್ಷಿ ಬೇಕಿತ್ತು. ಲ್ಯಾಬಿನ ಬಾಸ್‌ಗೆ ಹೇಳಿ ಒಪ್ಪಿಸಿ ಮನೆಯ ಹತ್ತು ಜಾಗಗಳಿಂದ ಸ್ಪಂಜಿನಲ್ಲಿ ಒರೆಸಿಕೊಂಡೆ. ಮೊದಲು ನಾರು, ಆಮೇಲೆ ಸಿಂಕು, ಅತ್ತೆಯ ತುರಿಮಣೆ, ಫ್ರಿಜ್ಜಿನ ಅಡಿ. ಎಣಿಕೆ ತುಂಬಲಿ ಎಂದು ಕೊನೆಗೆ ನೀಲಿ ಟೇಪಿನ ಜಾರು. ಒರೆಸುವಾಗ ಅಭ್ಯಾಸಬಲದಿಂದ ಮುಚ್ಚಳದ ರಬ್ಬರಿನ ಕೆಳಗೆ ಚಾಕುವಿನ ತುದಿ ಹಾಕಿ ಎತ್ತಿದೆ. ಫ್ಯಾಕ್ಟರಿಯಲ್ಲಿ ಹಾಗೇ ಮಾಡುವುದು. ಅಡಿಯಲ್ಲಿ ಬೂದುಬಣ್ಣದ, ಬೆರಳಿಗೆ ಜಾರುವ ಒಂದು ಗೆರೆ ಇತ್ತು. ಕೊಬ್ಬರಿಯ ಎಣ್ಣೆವಾಸನೆ ಬಂತು. ಆಗಲೇ ನನಗೆ ಗೊತ್ತಾಯಿತು. ಆದರೂ ಲ್ಯಾಬಿನ ಫಲಿತಾಂಶಕ್ಕೆ ನಾಲ್ಕು ದಿನ ಗೊತ್ತಿಲ್ಲದವಳ ಹಾಗೆ ಕಾದೆ.

ನಾರು ಶುದ್ಧ. ತುರಿಮಣೆ ಶುದ್ಧ. ಹತ್ತರಲ್ಲಿ ಲಿಸ್ಟೀರಿಯಾ ಬೆಳೆದದ್ದು ಒಂದೇ, ಆ ರಬ್ಬರಿನದು. ಇವರ ರಕ್ತದಲ್ಲಿದ್ದದ್ದೂ ಇದೂ ಒಂದೇ ತಳಿಯೇ ಎಂದು ತಾಳೆ ನೋಡಲು ಇನ್ನೊಂದು ಪರೀಕ್ಷೆ ಇದೆ. ಮಾಡಿಸಲಿಲ್ಲ. ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಬಿಚ್ಚಿ ಉಜ್ಜಿ ಎಂದು ಸಾರುವವಳು ನನ್ನ ಮನೆಯ ಒಂದು ರಬ್ಬರನ್ನು ಎರಡು ವರ್ಷ ಬಿಚ್ಚಿರಲಿಲ್ಲ. ಅದನ್ನು ನೆನಪಿಸಿದ ಒಬ್ಬರ ಬಾಯಿ ಮುಚ್ಚಿಸಿದ್ದೆ.

ಅತ್ತೆ ಹಿತ್ತಿಲಿನಲ್ಲಿ ಕರಿಬೇವಿನ ಕುಂಡದ ಹತ್ತಿರ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ‘ಅತ್ತೆ, ನಿಮ್ಮ ನಾರಲ್ಲ. ನನ್ನ ಜಾರು. ನೀವು ಅವತ್ತು ಕೇಳಿದ್ರಲ್ಲ, ಆ ರಬ್ಬರು’ ಎಂದೆ. ಅಳು ಬಂತು.

ಅವರು ಕುಂಡದಲ್ಲಿ ಉದುರಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಆಮೇಲೆ, ‘ಅವನಿಗೆ ಹೇಳಿದ್ದೀಯಾ?’ ಎಂದರು.

‘ಇಲ್ಲ. ಸಂಜೆ ಹೇಳ್ತೀನಿ.’

‘ಹೇಳ್ಬೇಡ.’

‘ಅತ್ತೆ, ಅವರು ನಿಮ್ಮಿಂದ ಅಂದ್ಕೊಂಡಿದಾರೆ.’

‘ಅಂದ್ಕೊಳ್ಳಲಿ. ನಾನು ಎಷ್ಟು ದಿನ ಇರುವವಳು? ನಾಳೆ ಅವನು ತಿನ್ನಬೇಕಾದ್ದು ನಿನ್ನ ಕೈಯಿಂದ. ಆ ಕೈಗೆ ಹೆದರಿದರೆ ಅವನು ಎಂತ ತಿನ್ನುವುದು?’

ಇದು ಸರಿಯಲ್ಲ ಎಂದು ನಾನು ಜಗಳವಾಡಬೇಕಿತ್ತು. ಎಲ್ಲದಕ್ಕೂ ಜಗಳವಾಡುವ ಬಾಯಿ ನನ್ನದು. ಅವತ್ತು ಆಡಲಿಲ್ಲ. ಸುಸ್ತಾಗಿತ್ತು, ಅದಕ್ಕಿಂತ ಹೆಚ್ಚಾಗಿ ಒಳಗೊಳಗೇ ಹಗುರವಾಗಿತ್ತು. ಆ ಹಗುರಕ್ಕೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಆ ಜಾರನ್ನು ಎಸೆದು ಹೊಸದು ತಂದೆವು. ಅತ್ತೆ ಈಗ ಮತ್ತೆ ಅಡುಗೆಮನೆಗೆ ಬರುತ್ತಾರೆ. ನಾನು ಲ್ಯಾಬಿನಿಂದ ಬರುವ ಮೊದಲೇ ಮುಚ್ಚಳದ ರಬ್ಬರು ಬಿಚ್ಚಿ, ತಿಕ್ಕಿ, ಬಿಸಿಲಿಗೆ ಇಟ್ಟಿರುತ್ತಾರೆ. ನಾವಿಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅತ್ತೆ ಮಗನಿಗೆ ಪಲ್ಯ ಬಡಿಸಲು ಸೌಟು ಎತ್ತಿದರು. ಇವರು ತಟ್ಟೆ ಹಿಂದಕ್ಕೆಳೆದುಕೊಂಡು ನಕ್ಕರು.

‘ಅಮ್ಮಾ, ಕೈ ತೊಳ್ದಿದ್ದೀಯಾ? ಪುನಃ ನನ್ನನ್ನು ಆಸ್ಪತ್ರೆಗೆ ಹಾಕ್ಬೇಡ ಮಾರಾಯ್ತಿ.’

ತಮಾಷೆಗೆಂದೇ ಹೇಳಿದ್ದು. ಅತ್ತೆಯೂ ನಕ್ಕರು. ಸೌಟು ನನ್ನ ಕೈಗೆ ಕೊಟ್ಟು ಎದ್ದು ಹೋಗಿ, ಆಗಷ್ಟೇ ತೊಳೆದು ಬಂದಿದ್ದ ಕೈಗಳನ್ನು ಸಿಂಕಿನಲ್ಲಿ ಮತ್ತೆ ತೊಳೆಯತೊಡಗಿದರು. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಇವರು ತಟ್ಟೆಯನ್ನು ನನ್ನ ಮುಂದೆ ಚಾಚಿದರು. ನಾನು ಬಡಿಸಿದೆ.