ಎರಡು ಗಂಟೆಯ ಸಹಿ

ಮಾನ್ವಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಅಲ್ಲಾಉದ್ದೀನ್ ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ಕೊನೆಯ ವರ್ಷ ಅವರಿಗೆ ಕಂಪ್ಯೂಟರ್ ಕೋಣೆಯ ಕೆಲಸ. ಶತ್ರುಗಳು ನಮ್ಮ ಕಂಪ್ಯೂಟರುಗಳ ಮೇಲೆ ದಾಳಿ ಮಾಡಿದರೆ ಅಲ್ಲಿನ ಯಂತ್ರವೇ ಪತ್ತೆ ಹಚ್ಚಿ ಅವರ ಕಂಪ್ಯೂಟರುಗಳಿಗೆ ತಿರುಗಿ ಹೊಡೆಯುತ್ತಿತ್ತು. ಹೊಡೆಯುವ ಮೊದಲು ಮನುಷ್ಯನ ಒಪ್ಪಿಗೆ ಬೇಕೆಂಬ ನಿಯಮ ಹಿಂದೆ ಇತ್ತು. ತಡವಾಗುತ್ತದೆಂದು ಮೇಲಧಿಕಾರಿಯೊಬ್ಬರು ಅದನ್ನು ತೆಗೆಸಿದ್ದರು. ಈಗ ಕಾವಲಿಗಿದ್ದ ಒಬ್ಬರು ಪರದೆ ನೋಡುತ್ತ, ಯಂತ್ರ ತಪ್ಪಿದರೆ ನಿಲ್ಲಿಸಬೇಕು. ಗಂಟೆಗೊಮ್ಮೆ ರಿಜಿಸ್ಟರಿನಲ್ಲಿ ‘ಸಬ್ ಠೀಕ್’ ಎಂದು ಬರೆದು ಸಹಿ ಹಾಕಬೇಕು. ಊಟಕ್ಕೆ ಹೋಗುವವರು ಮುಂದಿನ ಗಂಟೆಯ ಸಹಿಯನ್ನೂ ಮೊದಲೇ ಹಾಕಿಡುವುದು ಅಲ್ಲಿ ರೂಢಿ.

ಅಂಥ ಒಂದು ಮಧ್ಯಾಹ್ನ ಎರಡಕ್ಕೆ, ಅಲ್ಲಾಉದ್ದೀನ್ ಆ ಗಂಟೆಯ ಸಹಿ ಮೊದಲೇ ಹಾಕಿಟ್ಟು ಊಟದ ಸಾಲಿನಲ್ಲಿದ್ದಾಗ, ಯಂತ್ರ ಗುರಿ ತಪ್ಪಿ ಪರದೇಶದ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ಕೆಡಿಸಿತು.

ಅದರ ವಿಚಾರಣೆ ಶುರುವಾದದ್ದು ಅವರು ನಿವೃತ್ತರಾದ ಎರಡು ವರ್ಷಕ್ಕೆ. ಒಂದು ಸಂಜೆ ಅದೇ ಘಟಕದ ಸುಬೇದಾರ, ರಾಯಚೂರಿನ ವೆಂಕೋಬ, ಟೈಪ್ ಮಾಡಿಸಿದ ಹೇಳಿಕೆ ಹಿಡಿದು ಮನೆಗೆ ಬಂದರು.

“ಸಹಿ ಮಾಡು ಲೇ. ಎರಡಕ್ಕ ನೀ ಪರದಿ ಮುಂದ ಇದ್ದಿ. ಅಷ್ಟ ಅದ ಇದ್ರಾಗ.”

“ನಾ ಎಲ್ಲಿ ಇದ್ನಿರಿ ಸಾಬ್? ಊಟದ ಸಾಲಿನ್ಯಾಗ ನಿಮ್ಮ ಹಿಂದ ನಿಂತಿದ್ನಿ. ಮಟನ್ ಎಲ್ಲಾ ನೀವ ಹಾಕ್ಕೊಂಡ್ರಿ.”

ವೆಂಕೋಬ ನಕ್ಕರು. “ಅದನ್ನ ಹೇಳಬ್ಯಾಡ. ಸುಳ್ಳು ಸಹಿ ಅಂತ ನಿನ್ನ ಮ್ಯಾಲ ಕೇಸ್ ಆಗ್ತದ. ನಿನ್ನ ಉಳಸಾಕ ಬಂದೀನಿ.”

ಚಹಾ ತಂದ ಹೆಂಡತಿ ಅಸ್ಮತ್, “ದೇವದುರ್ಗದಾಗ ನಮ್ಮ ನಾದಿನಿ ಮದಿವಿಗಿ ಕರದ್ರೂ ಬರದವರು, ಇವತ್ತ ಕರೀದ ಬಂದೀರಲ್ರೀ” ಎಂದರು.

“ಇರಲಿ, ಒಂದು ಝೆರಾಕ್ಸ್ ತಕ್ಕೊಂಡು ಓದಿ ನೋಡ್ತೀನಿ,” ಎಂದು ಅಲ್ಲಾಉದ್ದೀನ್ ಕಾಗದ ಮಡಚಿದರು.

ವೆಂಕೋಬ ಅದನ್ನು ಕೈಯಿಂದ ತೆಗೆದುಕೊಂಡರು. “ಝೆರಾಕ್ಸ್ ಬ್ಯಾಡ.”

ಅಲ್ಲಾಉದ್ದೀನ್ ಸಹಿ ಮಾಡಲಿಲ್ಲ. ಕೋಣೆಯಲ್ಲಿ ಒಬ್ಬ ಮನುಷ್ಯನಿದ್ದು ಯಂತ್ರವನ್ನು ತಡೆಯಲಿಲ್ಲ ಎಂದಾದರೆ ತಪ್ಪು ಅವನದು. ಯಾರೂ ಇರಲಿಲ್ಲ ಎಂದಾದರೆ, ಒಪ್ಪಿಗೆಯ ನಿಯಮ ತೆಗೆಸಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ತಮ್ಮ ಸುಳ್ಳು ಸಹಿಯನ್ನು ಕಾಪಾಡಲು ಇಷ್ಟು ಕಾಳಜಿ ಯಾರಿಗಿದೆ ಎಂದು ಅವರಿಗೆ ಆಗ ಹೊಳೆಯಿತು. ವೆಂಕೋಬರನ್ನು ಕಳಿಸಿದ್ದು ಯಾರೆಂದು ಕೇಳಿದರು. ವೆಂಕೋಬ ಕಾಗದ ಜೇಬಿಗಿಟ್ಟು ಎದ್ದು ಹೋದರು.

ಮರುದಿನ ಅಲ್ಲಾಉದ್ದೀನ್ ರಾಯಚೂರಿನ ವಕೀಲೆ ಸುಜಾತಾ ಅವರ ಮುಂದೆ ಕೂತು ತಮ್ಮ ಕೈಯಿಂದಲೇ ಬರೆದರು: ‘ಎರಡು ಗಂಟೆಯ ಸಹಿ ನಾನು ಒಂದೂವರೆಗೇ ಹಾಕಿದ್ದೆ. ಎರಡಕ್ಕೆ ಕೋಣೆಯಲ್ಲಿ ಯಾರೂ ಇರಲಿಲ್ಲ.’

“ಇದರಿಂದ ನಿಮಗ ಶಿಕ್ಷಾನೂ ಆಗಬಹುದ್ರಿ,” ಎಂದರು ಸುಜಾತಾ.

“ನಾ ಮಾಡಿದ್ದಕ್ಕ ಆಗ್ಲಿ ಬಿಡ್ರಿ.”

ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಿಚಾರಣಾಧಿಕಾರಿಗೆ ಕಳಿಸಿ ಆರು ವಾರಗಳಾದವು. ತಲುಪಿದ ರಸೀದಿ ಬಂದಿದೆ, ಉತ್ತರ ಬಂದಿಲ್ಲ. ವೆಂಕೋಬ ಫೋನ್ ಎತ್ತುತ್ತಿಲ್ಲ.