ಕಿಟಕಿಯಾಚೆಯ ಸಾಲು

ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಿದ್ದರು. ಅವಳ ಮಗ್ಗುಲಿನ ಕಿಟಕಿ ಎಷ್ಟೋ ವರ್ಷ ಮುಚ್ಚಿಯೇ ಇತ್ತು. ವ್ಯಾಪಾರ ಕುಸಿದ ಮೇಲೆ ಮಾಲೀಕರು ಅದನ್ನು ದಿನವೂ ತೆರೆಸತೊಡಗಿದರು. ಆಚೆ ಗೇಟಿನ ಬಳಿ ಕೆಲಸ ಕೇಳಿ ಬಂದವರ ಸಾಲು ಕಾಣುತ್ತಿತ್ತು. ಯಾರಾದರೂ ರಜೆಯ ಮಾತೆತ್ತಿದರೆ ಸೂಪರ್‌ವೈಸರ್ ಬೈಯುತ್ತಿರಲಿಲ್ಲ. "ತಣ್ಣಗೆ ಗಾಳಿ ಬರ್ತಿದೆ, ಸ್ವಲ್ಪ ಆ ಕಡೆ ನೋಡಿ" ಎನ್ನುತ್ತಿದ್ದ.

ಒಂದು ದಿನ ಅವನು, "ಇನ್ಮೇಲೆ ಭಾನುವಾರಾನೂ ಬನ್ನಿ, ಅದಕ್ಕೆ ಸಂಬಳ ಕೇಳ್ಬೇಡಿ" ಎಂದ. ಆಗೋದಿಲ್ಲ ಎನ್ನಲು ಬಾಯಿ ತೆರೆದ ಕಾಲರಕ್ಕನಿಗೆ ಸಾಲಿನಲ್ಲಿ ತನ್ನ ಒಡಹುಟ್ಟಿದ ತಂಗಿ ಕಂಡಳು. ಅವಳಿಗೆ ಹೊಲಿಗೆ ಕಲಿಸಿದ್ದು ತಾನೇ.

"ಆಗ್ಲಿ ಸಾರ್, ಬರ್ತೀನಿ" ಎಂದು ತಲೆ ತಗ್ಗಿಸಿದಳು.

ಸಂಜೆ ತಂಗಿ ಗೇಟಿನಲ್ಲೇ ಕಾದಿದ್ದಳು.

"ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?" ಎಂದಳು ಕಾಲರಕ್ಕ.

"ಹೇಳಿದ್ರೆ ಬೇಡ ಅಂತಿದ್ದೆ. ನಿನ್ನ ಜಾಗಕ್ಕೆ ಬರ್ಲಿಲ್ಲಕ್ಕ, ಯಾವ್ದಾದ್ರೂ ಖಾಲಿ ಇದ್ರೆ ಅಂತ ಬಂದೆ."

"ಖಾಲಿ ಎಲ್ಲಿದೆಯೇ? ಒಬ್ರನ್ನ ಎಬ್ಬಿಸಿದ್ರೇನೇ ಇನ್ನೊಬ್ರು ಕೂರೋದು."

ಇಬ್ಬರೂ ಮನೆಗೆ ನಡೆದರು. ದೇವರ ಮುಂದೆ ಕೈಮುಗಿದು ನಿಂತ ಕಾಲರಕ್ಕ, ತಂಗಿಗೊಂದು ಕೆಲಸ ಕೊಡಪ್ಪಾ ಎಂದು ಬೇಡಹೊರಟವಳು ಅರ್ಧಕ್ಕೇ ನಿಲ್ಲಿಸಿದಳು.