ಬೆಣ್ಣೆಹಣ್ಣಿಗೆ ಬಿಸಿ ಹಾಲು

ಮೊದಲೇ ಹೇಳಿಬಿಡುತ್ತೇನೆ: ಕೊತಕೊತ ಕುದಿಯುವ ಹಾಲನ್ನು ಹಣ್ಣಿನ ಮೇಲೆ ಸುರಿದ ಮಹಾನುಭಾವ ನಾನೇ.

ಈ ಪರದೇಶದಲ್ಲಿ ಶನಿವಾರ ಬಂತೆಂದರೆ, ನಾನು ಓದುವ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಿಂದ ಬಸ್ ಹಿಡಿದು ಈಸ್ಟ್‌ಗೇಟ್‌ನ ಅಕ್ಕನ ಮನೆಗೆ ಊಟಕ್ಕೆ ಹೋಗುವುದು ನನ್ನ ಧರ್ಮ. ಆ ವಾರ ಪಕ್ಕದ ಮನೆಯ ಫಿಲಿಪಿನೋ ಆಂಟಿ ತಮ್ಮ ಊರಿನ ಸಿಹಿ ಕಳಿಸಿದ್ದರು. ಬೆಣ್ಣೆಹಣ್ಣು, ಅಂದರೆ ಇಲ್ಲಿಯ ಅವಕಾಡೊ; ಅದಕ್ಕೆ ಹಾಲು, ಸಕ್ಕರೆ, ಐಸು. ಅಷ್ಟೇ! ಹುಬ್ಬಳ್ಳಿಯಿಂದ ಬಂದಿದ್ದ ಅಕ್ಕನ ಅತ್ತೆ ಗಾಜಿನ ಬಟ್ಟಲನ್ನು ಬಳಿದು ಬಳಿದು ತಿಂದರು. ತಿಂದ ಮೇಲೆ ಚಿಂತೆ ಹತ್ತಿತು.

"ಖಾಲಿ ಬಟ್ಟಲಾ ಹೆಂಗ ವಾಪಸ್ ಕೊಡೂದು? ಸಂಜಿಗೆ ಆಕಿ ಬರ್ತಾಳ. ಏನರ ತುಂಬಿ ಕೊಡ್ಲಿಲ್ಲಂದ್ರ ನನ್ನ ಮರ್ಯಾದಿ ಹೋತು."

"ಅದನ್ನೇ ಮಾಡಿ ಕೊಡೋಣ ಅತ್ತೆ, ನಂಗೆ ಬರುತ್ತೆ," ಎಂದೆ.

ನನಗೆ ಬರುತ್ತಿದ್ದದ್ದು ಆಂಟಿಯ ದನಿ ಮಾತ್ರ. ಮೂಗಿನಲ್ಲೇ ರಾಗ ಎಳೆದು "ವೆರಿ ಕ್ರೀಮೀ, ಡಾರ್ಲಿಂಗ್!" ಅಂದರೆ ಅಕ್ಕ ನಕ್ಕು ಸೋಫಾದಿಂದ ಜಾರುತ್ತಿದ್ದಳು.

ಪಾತ್ರೆಯಲ್ಲಿ ಹಣ್ಣು ಕಿವುಚಿದೆ.

"ಹಾಲು ಕಾಸೀಯೋ ಇಲ್ಲೋ, ತಮ್ಮಾ?"

ಕ್ಯಾನಿನಲ್ಲಿ ಬಂದರೂ ಸರಿ, ಕಾಯಿಸದ ಹಾಲು ನಮ್ಮವರ ಪಾಲಿಗೆ ಹಾಲೇ ಅಲ್ಲ. ಕಾಯಿಸಿದೆ. ಆರಿಸುವಷ್ಟು ತಾಳ್ಮೆ ಇದ್ದಿದ್ದರೆ ನನ್ನ ಥೀಸಿಸ್ ಎಂದೋ ಮುಗಿಯುತ್ತಿತ್ತು. ಸುರಿದೆ, ಮೇಲೆ ಐಸು ಹಾಕಿದೆ, ರುಚಿ ನೋಡಿದೆ. ಅಪ್ಪಟ ಹಾಗಲಕಾಯಿ! ಬಿಸಿ ತಾಗಿದರೆ ಈ ಹಣ್ಣು ಕಹಿಯಾಗುತ್ತದೆಂದು ನನಗೇನು ಗೊತ್ತು?

ಅತ್ತೆಯೂ ಚೂರು ನೆಕ್ಕಿ ಗಾಬರಿಯಾದರು. "ಆಕಿ ಏನಂತಾಳೋ!"

"ಏನೂ ಅನ್ನಲ್ಲ ಬಿಡಿ. 'ವೆರಿ ಕ್ರೀಮೀ, ಡಾರ್ಲಿಂಗ್!'"

ಈ ಸಲ ಅಕ್ಕ ನಗಲಿಲ್ಲ. ತಿರುಗಿ ನೋಡಿದರೆ ಹಿತ್ತಿಲ ಬಾಗಿಲಲ್ಲಿ ಆಂಟಿ!

ಒಂದು ಚಮಚ ಬಾಯಿಗಿಟ್ಟರು. "ಹಾಟ್ ಮಿಲ್ಕ್?" ಎಂದು ನನ್ನನ್ನೇ ನೋಡಿದರು. ಆಮೇಲೆ ಸೀದಾ ಫ್ರಿಜ್ ತೆಗೆದು, ಉಳಿದಿದ್ದ ಹಣ್ಣನ್ನೂ ತಣ್ಣನೆಯ ಹಾಲನ್ನೂ ಅತ್ತೆಯ ಮುಂದಿಟ್ಟರು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಹುಬ್ಬಳ್ಳಿ ಗೊತ್ತಿಲ್ಲ. ಆಂಟಿ ಕೈಸನ್ನೆ ಮಾಡಿದಂತೆಲ್ಲ ಅತ್ತೆ ಹೆಚ್ಚಿದರು, ಕಲಸಿದರು, ಸನ್ನೆಯಲ್ಲಿಲ್ಲದ ಏಲಕ್ಕಿಯನ್ನೂ ಉದುರಿಸಿದರು. ಬಟ್ಟಲು ತುಂಬಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆಂಟಿ ನಿಂತಲ್ಲೇ ಅರ್ಧ ಮುಗಿಸಿ, ಆ ಪುಡಿ ಯಾವುದೆಂದು ಡಬ್ಬಿಯನ್ನೇ ಮೂಸಿದರು! ಅತ್ತೆಯ ಮುಖ ನೋಡಬೇಕಿತ್ತು.

ನನಗೂ ಖುಷಿ ತಡೆಯಲಿಲ್ಲ. "ನೋಡಿದ್ರಾ ಅತ್ತೆ? ಐಡಿಯಾ ಯಾರ್ದು? ಆ ಲೆಕ್ಕದಲ್ಲಿ ನಿಮ್ ಗುರು ನಾನೇ!"

ಅತ್ತೆ ಕಹಿ ಪಾತ್ರೆಯನ್ನು ನನ್ನತ್ತ ಸರಿಸಿದರು.

"ಮೊದ್ಲ ಇದನ್ನ ತಿಂದು ಮುಗಸು. ಗುರು ಆಮ್ಯಾಲೆ ಆಗೀಯಂತ."